ಹಳೆಯ ವಿಂಡೋಸ್ ಯಂತ್ರಕ್ಕೆ ಯಾವ ಆಫೀಸ್ ತಂತ್ರಾಂಶ ಹೊಂದುತ್ತದೆ? ಆಯ್ಕೆಗೆ ಮೊದಲು ಒಂದು ಹೋಲಿಕೆ

ವಿಂಡೋಸ್ 7ಕ್ಕೆ ಸಾರ್ವಜನಿಕವಾಗಿ ಬರುತ್ತಿದ್ದ ಭದ್ರತಾ ಪರಿಷ್ಕರಣೆಗಳು 2020ರ ಜನವರಿ 14ಕ್ಕೆ ನಿಂತವು. ಸಂಸ್ಥೆಗಳು ಹಣ ಕೊಟ್ಟು ಪಡೆಯುತ್ತಿದ್ದ ವಿಸ್ತರಿತ ಪರಿಷ್ಕರಣೆಗಳೂ 2023ರ ಜನವರಿ 10ಕ್ಕೆ ಮುಗಿದವು, ಅದೇ ದಿನ ವಿಂಡೋಸ್ 8.1ರ ಬೆಂಬಲವೂ ಕೊನೆಗೊಂಡಿತು. ಆದರೂ ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಶಾಲೆಗಳ ಕಚೇರಿಗಳಲ್ಲಿ, ಸಹಕಾರ ಸಂಘಗಳ ಮೇಜುಗಳ ಮೇಲೆ ಈ ಯಂತ್ರಗಳು ಇಂದಿಗೂ ದಿನವಿಡೀ ದುಡಿಯುತ್ತಿವೆ. ಅವುಗಳನ್ನು ಇಟ್ಟುಕೊಂಡವರ ಕಾರಣಗಳನ್ನು ಹಗುರವಾಗಿ ಕಾಣಬಾರದು. ಇಪ್ಪತ್ತು ವರ್ಷಗಳ ಆಮಂತ್ರಣ ಪತ್ರಿಕೆಗಳು, ಸ್ಮರಣ ಸಂಚಿಕೆಗಳು ಪೇಜ್‌ಮೇಕರ್ ಕಡತಗಳಲ್ಲಿ, ಹಳೆಯ ಕನ್ನಡ ಫಾಂಟುಗಳಲ್ಲಿ ಉಳಿದಿರುತ್ತವೆ. ಸ್ಕ್ಯಾನರಿಗೆ ಹೊಸ ವಿಂಡೋಸಿನ ಡ್ರೈವರ್ ಬಂದಿರುವುದಿಲ್ಲ. ಲೆಕ್ಕದ ತಂತ್ರಾಂಶದ ಡಾಂಗಲ್, ಅಂದರೆ ಪರವಾನಗಿಯ ಕೀಲಿಯಾಗಿ ಯಂತ್ರಕ್ಕೆ ಹಾಕುವ ಪುಟ್ಟ ಸಾಧನ, ಹಳೆಯ ಪೋರ್ಟಿಗೇ ಸಿಕ್ಕಿಸುವಂತಿರುತ್ತದೆ.

ತೊಂದರೆ ಆರಂಭವಾಗುವುದು ಹೊರಗಿನವರು ಹೊಸ ಆಫೀಸ್‌ನಲ್ಲಿ ಮಾಡಿದ ಕಡತವನ್ನು ಮಿಂಚಂಚೆಯಲ್ಲಿ ಕಳುಹಿಸಿದಾಗ. ಪುಟಗಳು ಸರಿದಿರುತ್ತವೆ, ಎಕ್ಸೆಲ್ ಸೂತ್ರಗಳು ಕೆಲಸ ಮಾಡುವುದಿಲ್ಲ, ಕೆಲವೊಮ್ಮೆ ಕಡತ ತೆರೆಯುವುದೇ ಇಲ್ಲ. ಆಗ ಸಹಜವಾಗಿ ಹೊಳೆಯುವ ಉಪಾಯವೆಂದರೆ ಯಂತ್ರವನ್ನು ಹಾಗೆಯೇ ಬಿಟ್ಟು ಆಫೀಸನ್ನು ಮಾತ್ರ ಹೊಸದು ಮಾಡುವುದು. ಇದು ಎಷ್ಟು ದೂರ ಸಾಧ್ಯ, ಎಲ್ಲಿ ನಿಲ್ಲಿಸುವುದು ಒಳ್ಳೆಯದು ಎಂಬುದನ್ನು ತೂಗಿ ನೋಡಲು ಈ ಬರಹ ನೆರವಾಗಬೇಕೆಂಬುದು ನನ್ನ ಆಸೆ. ಮುಖ್ಯವಾಗಿ ವಿಂಡೋಸ್ 7ನ್ನು ಕಣ್ಣ ಮುಂದಿಟ್ಟುಕೊಂಡಿದ್ದೇನೆ. ಎಕ್ಸ್‌ಪಿ ಬಳಸುವವರಿಗೂ ಅಲ್ಲಲ್ಲಿ ಕೆಲವು ಮಾತುಗಳಿವೆ.

ಯಾವುದು ಎಲ್ಲಿಯವರೆಗೆ ಏರುತ್ತದೆ

ಮೈಕ್ರೋಸಾಫ್ಟ್ ಆಫೀಸ್‌ನ ವಿಷಯದಲ್ಲಿ ಗಡಿ ಸ್ಪಷ್ಟವಾಗಿದೆ. ಎಕ್ಸ್‌ಪಿಯ ಮೂರನೆಯ ಸರ್ವಿಸ್ ಪ್ಯಾಕ್ ಇದ್ದರೆ ಆಫೀಸ್ 2010ರವರೆಗೆ ಹೋಗಬಹುದು. ಆಫೀಸ್ 2013ಕ್ಕೆ ಕನಿಷ್ಠ ವಿಂಡೋಸ್ 7 ಬೇಕು, ಆಫೀಸ್ 2016ಕ್ಕೆ ವಿಂಡೋಸ್ 7ರ ಮೊದಲನೆಯ ಸರ್ವಿಸ್ ಪ್ಯಾಕ್ ಬೇಕು. ಆಫೀಸ್ 2019ರಿಂದ ಮುಂದಕ್ಕೆ ವಿಂಡೋಸ್ 10 ಇಲ್ಲದೆ ಅಳವಡಿಕೆಯೇ ಆರಂಭವಾಗುವುದಿಲ್ಲ. 2021 ಮತ್ತು 2024ರ ಆವೃತ್ತಿಗಳಿಗೂ ಇದೇ ನಿಯಮ. ಚಂದಾ ಕಟ್ಟಿ ಬಳಸುವ ಮೈಕ್ರೋಸಾಫ್ಟ್ 365 ವಿಂಡೋಸ್ 7ರಲ್ಲಿ 2002 ಎಂಬ ಆವೃತ್ತಿಯಲ್ಲಿ ನಿಂತುಹೋಯಿತು. ಇಲ್ಲಿ 2002 ಎಂದರೆ 2020ನೆಯ ಇಸವಿಯ ಎರಡನೆಯ ತಿಂಗಳು, ಅದನ್ನು ಇಸವಿಯೆಂದು ಓದಿ ಗೊಂದಲಪಡುವವರು ಅನೇಕರಿದ್ದಾರೆ.

ಅಳವಡಿಕೆ ನಿಂತಾಗ ಬಹಳ ಮಂದಿ ಕಡತದ ಗುಣಲಕ್ಷಣಗಳಲ್ಲಿರುವ ಹೊಂದಾಣಿಕೆಯ ಪುಟವನ್ನು ತೆರೆದು ಏನಾದರೂ ಬದಲಿಸಲು ನೋಡುತ್ತಾರೆ. ಆ ಸೌಲಭ್ಯ ಎದುರು ದಿಕ್ಕಿನ ಕೆಲಸಕ್ಕಾಗಿ ಇರುವಂಥದ್ದು. ಹಳೆಯ ತಂತ್ರಾಂಶವೊಂದು ಹೊಸ ವಿಂಡೋಸಿನಲ್ಲಿ ಓಡಬೇಕಾದಾಗ, ತಾನು ಹಳೆಯ ವಿಂಡೋಸಿನಲ್ಲೇ ಇದ್ದೇನೆಂದು ಅದು ನಂಬುವಂತೆ ಮಾಡಲು ಅದನ್ನು ರೂಪಿಸಲಾಗಿದೆ. ವಿಂಡೋಸ್ 7ರಲ್ಲಿ ಆ ಪಟ್ಟಿಯನ್ನು ತೆರೆದರೆ ಅದಕ್ಕಿಂತ ಹೊಸ ವಿಂಡೋಸ್‌ಗಳ ಹೆಸರುಗಳು ಕಾಣದಿರುವುದು ಇದೇ ಕಾರಣಕ್ಕೆ. ಹೊಸ ಆಫೀಸ್ ಕರೆಯುವ ಒಳಗಿನ ಕಾರ್ಯಗಳು ಹಳೆಯ ವಿಂಡೋಸಿನಲ್ಲಿ ಇಲ್ಲವೇ ಇಲ್ಲವಾದ್ದರಿಂದ ಸುಳ್ಳು ಆವೃತ್ತಿ ಸಂಖ್ಯೆ ತೋರಿಸಿ ಅಳವಡಿಕೆಯನ್ನು ದಾಟಿಸಿದರೂ ತಂತ್ರಾಂಶ ತೆರೆಯುವ ಹೊತ್ತಿಗೆ ಮುಗ್ಗರಿಸುತ್ತದೆ. ಇಲ್ಲದ ಈ ಕಾರ್ಯಗಳನ್ನು ಹೊರಗಿನಿಂದ ತುಂಬಿಕೊಡಲು ಆಸಕ್ತರು ಸಿದ್ಧಪಡಿಸಿದ ಮಾರ್ಪಡಿಸಿದ ಕರ್ನಲ್‌ಗಳೂ ಪದರಗಳೂ ಇವೆ. ಅವುಗಳ ಹಿಂದಿನ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ, ಆದರೆ ಸಂಬಳದ ಪಟ್ಟಿಯೋ ಮಕ್ಕಳ ಅಂಕಪಟ್ಟಿಯೋ ಇರುವ ಯಂತ್ರಕ್ಕೆ ಅವನ್ನು ಹಾಕಬೇಡಿರೆಂದೇ ಹೇಳುತ್ತೇನೆ. ಏನಾದರೂ ಕೆಟ್ಟರೆ ತಪ್ಪು ಆಫೀಸಿನದೋ ವಿಂಡೋಸಿನದೋ ನಡುವಿನ ಪದರದ್ದೋ ಎಂದು ಪತ್ತೆ ಮಾಡುವವರು ಸಿಗುವುದಿಲ್ಲ.

ಅನುಮತಿಯಿರುವ ಆವೃತ್ತಿಯೇ ಆದರೂ ಅಳವಡಿಕೆ ಕೆಲವೊಮ್ಮೆ ಕೈಕೊಡುತ್ತದೆ. ಯಾವುದೋ ಒಂದು ಡಿಎಲ್‌ಎಲ್ ಕಡತ (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಭಾಗ) ಕಾಣೆಯಾಗಿದೆ ಎಂಬ ಸಂದೇಶ ಬಂದು, ಅದರ ಹೆಸರಿನ ನಡುವೆ ಸಿಆರ್‌ಟಿ ಎಂಬ ಅಕ್ಷರಗಳಿದ್ದರೆ, ಯಂತ್ರದಲ್ಲಿ ಯೂನಿವರ್ಸಲ್ ಸಿ ರನ್‌ಟೈಮ್ ಇಲ್ಲವೆಂದು ಅರ್ಥ. ಅದನ್ನು ಕೊಡುವ ಪರಿಷ್ಕರಣೆಯ ಸಂಖ್ಯೆ ಕೆಬಿ2999226. ಡಿಜಿಟಲ್ ಸಹಿಯನ್ನು ಗುರುತಿಸಲಾಗಲಿಲ್ಲವೆಂಬ ದೂರು ಬಂದರೆ ಕೆಬಿ4490628 ಮತ್ತು ಕೆಬಿ4474419 ಎಂಬ ಎರಡನ್ನು ಹಾಕಿರಬೇಕು, ಏಕೆಂದರೆ ಹೊಸ ತಂತ್ರಾಂಶಗಳ ಸಹಿಗೆ ಬಳಸುವ ಎಸ್‌ಎಚ್‌ಎ-2 ವಿಧಾನವನ್ನು ಮೂಲ ವಿಂಡೋಸ್ 7 ಪೂರ್ತಿಯಾಗಿ ಅರಿಯದು. ಇವು ಮೂರನ್ನೂ ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕ್ಯಾಟಲಾಗಿನಿಂದಲೇ ಇಳಿಸಿಕೊಳ್ಳಿ. ಕಾಣೆಯಾದ ಡಿಎಲ್‌ಎಲ್ ಒಂದನ್ನೇ ಬಿಡಿಯಾಗಿ ಕೊಡುವ ತಾಣಗಳಿಂದ ತಂದು ಸಿಸ್ಟಂ ಫೋಲ್ಡರಿಗೆ ಹಾಕುವುದು, ಮನೆಯ ಬೀಗದ ಕೈಯನ್ನು ಗುರುತಿಲ್ಲದವರ ಕೈಗೆ ಕೊಟ್ಟಂತೆ.

ಆಫೀಸ್ 2016 ಅಥವಾ ಲಿಬ್ರೆಆಫೀಸ್

ಈಗಾಗಲೇ ಸಕ್ರಮ ಪರವಾನಗಿ ಕೈಯಲ್ಲಿರುವವರಿಗೆ ಆಫೀಸ್ 2016 ವಿಂಡೋಸ್ 7ರ ಮೇಲಿನ ಅತ್ಯಂತ ಸಹಜ ಮೈಕ್ರೋಸಾಫ್ಟ್ ಆಯ್ಕೆಯಾಗುತ್ತದೆ. ಎರಡು ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ. ಇಂದಿನ ವರ್ಡ್ ಕಡತಗಳನ್ನು ಬಹುತೇಕ ತೊಂದರೆಯಿಲ್ಲದೆ ತೆರೆಯುತ್ತದೆ, ವಿಷುವಲ್ ಬೇಸಿಕ್ ಮ್ಯಾಕ್ರೊಗಳು, ಅಂದರೆ ಕಡತದೊಳಗೆ ಬರೆದಿಟ್ಟ ಸಣ್ಣ ಕಾರ್ಯಕ್ರಮಗಳು, ಮೂಲದಲ್ಲಿದ್ದಂತೆಯೇ ನಡೆಯುತ್ತವೆ. ಈ ಕೊನೆಯ ಮಾತು ಲೆಕ್ಕಪತ್ರದವರಿಗೆ ಬಹಳ ಮುಖ್ಯವಾದದ್ದು. ಆದಾಯ ತೆರಿಗೆ ಇಲಾಖೆ ಹೊರತಂದಿರುವ ಎಕ್ಸೆಲ್ ಉಪಕರಣಗಳು ಮ್ಯಾಕ್ರೊಗಳ ಮೇಲೆ ನಿಂತಿರುವುದರಿಂದ ಅವು ಮೈಕ್ರೋಸಾಫ್ಟ್ ಎಕ್ಸೆಲನ್ನೇ ಬಯಸುತ್ತವೆ. ಉಚಿತವಾಗಿ ಸಿಗುವ ಮುಕ್ತ ಆಫೀಸ್ ತಂತ್ರಾಂಶವಾದ ಲಿಬ್ರೆಆಫೀಸ್ ಇಂಥ ಮ್ಯಾಕ್ರೊಗಳನ್ನು ಭಾಗಶಃ ಮಾತ್ರ ನಡೆಸಬಲ್ಲದು.

ಆದರೆ ಆಫೀಸ್ 2016ಕ್ಕೂ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2013ರ ಬೆಂಬಲ 2023ರ ಏಪ್ರಿಲ್ 11ಕ್ಕೂ 2010ರ ಬೆಂಬಲ 2020ರ ಅಕ್ಟೋಬರ್ 13ಕ್ಕೂ ಕೊನೆಗೊಂಡಿತ್ತು. ಆದ್ದರಿಂದ ಇಂದು ಹೊಸದಾಗಿ ದುಡ್ಡು ಕೊಟ್ಟು 2016ನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಅಂತರಜಾಲದ ಸಂತೆಯಲ್ಲಿ ಕೆಲವು ನೂರು ರೂಪಾಯಿಗಳಿಗೆ ಸಿಗುವ ಕೀಲಿ ಸಂಖ್ಯೆಗಳು ಹೆಚ್ಚಾಗಿ ದೊಡ್ಡ ಸಂಸ್ಥೆಗಳಿಗೆಂದು ಕೊಟ್ಟ ಪರವಾನಗಿಗಳಿಂದ ಹೊರಬಿದ್ದವು, ಅವನ್ನು ಮರುಮಾರಾಟ ಮಾಡುವಂತಿಲ್ಲ. ಪರವಾನಗಿಯಿಲ್ಲದೆ ಆಫೀಸನ್ನು ಚಾಲೂ ಮಾಡುವ ಕಳ್ಳ ಸಕ್ರಿಯಕಾರಕಗಳ ಮಾತಂತೂ ಬೇಡವೇ ಬೇಡ. ಪರಿಷ್ಕರಣೆ ನಿಂತ ಯಂತ್ರದಲ್ಲಿ ಆಂಟಿವೈರಸನ್ನು ನಿಲ್ಲಿಸಿ, ಯಾರು ಬರೆದರೆಂದು ಗೊತ್ತಿಲ್ಲದ ಕಾರ್ಯಕ್ರಮವೊಂದನ್ನು ಆಡಳಿತಗಾರನ ಅಧಿಕಾರದಲ್ಲಿ ಓಡಿಸುವುದಕ್ಕಿಂತ ಅಪಾಯಕರವಾದ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ.

ಲಿಬ್ರೆಆಫೀಸ್‌ನ ಚಿತ್ರ ಬೇರೆ. ಎಕ್ಸ್‌ಪಿ ಮತ್ತು ವಿಸ್ಟಾಗಳಿಗೆ 5.4 ಕೊನೆಯ ಸರಣಿಯಾಯಿತು, 6.0ರಿಂದ ವಿಂಡೋಸ್ 7 ಬೇಕಾಯಿತು. ವಿಂಡೋಸ್ 7ರ ಬಳಕೆದಾರರನ್ನು ಮಾತ್ರ ಅದು ಬಹುಕಾಲ ಕೈಬಿಡಲಿಲ್ಲ. 2025ರ ಫೆಬ್ರವರಿಯಲ್ಲಿ ಬಂದ 25.2 ಸರಣಿಯೂ ವಿಂಡೋಸ್ 7ರಲ್ಲಿ ಓಡುತ್ತದೆ, ಅದೇ ವರ್ಷದ ಆಗಸ್ಟ್‌ನ 25.8ರಿಂದ ವಿಂಡೋಸ್ 7, 8, 8.1 ಮೂರನ್ನೂ ಕೈಬಿಡಲಾಗಿದೆ. ಅಂದರೆ 2009ರಲ್ಲಿ ಹೊರಬಂದ ವಿಂಡೋಸಿನ ಮೇಲೆ 2025ರ ಆಫೀಸ್ ತಂತ್ರಾಂಶವೊಂದು ಯಾವ ಕಸರತ್ತೂ ಇಲ್ಲದೆ ನಡೆಯುತ್ತದೆ. ಇದಕ್ಕೆ ಸಾಟಿಯಾದದ್ದು ಮೈಕ್ರೋಸಾಫ್ಟ್ ಕಡೆಯಿಂದ ಇಲ್ಲ.

ಇದರ ಮೌಲ್ಯ ಎಕ್ಸೆಲ್ ಕಡತಗಳಲ್ಲಿ ತಿಳಿಯುತ್ತದೆ. ಇಂದಿನ ಲೆಕ್ಕಿಗರು ವಿಲುಕಪ್ ಬಿಟ್ಟು ಎಕ್ಸ್‌ಲುಕಪ್ ಬರೆಯುತ್ತಾರೆ, ಫಿಲ್ಟರ್, ಯೂನಿಕ್, ಸಾರ್ಟ್ ಸೂತ್ರಗಳಿಂದ ಪಟ್ಟಿ ತೆಗೆಯುತ್ತಾರೆ. ಇವು ಆಫೀಸ್ 2021 ಮತ್ತು 365ರಲ್ಲಿ ಇವೆ, 2016ರಲ್ಲಿ ಇಲ್ಲ, 2019ರಲ್ಲಿಯೂ ಇಲ್ಲ. ಅಂಥ ಹಾಳೆಯನ್ನು ಎಕ್ಸೆಲ್ 2016ರಲ್ಲಿ ತೆರೆದರೆ ಸೂತ್ರದ ಮುಂದೆ ಎಕ್ಸ್‌ಎಲ್‌ಎಫ್‌ಎನ್ ಎಂಬ ಅಕ್ಷರಗಳು ಸೇರಿಕೊಂಡಿರುತ್ತವೆ. ಕೋಶದಲ್ಲಿ ಮಾತ್ರ ಕಳುಹಿಸಿದವರು ಕೊನೆಯ ಬಾರಿ ಉಳಿಸಿದ ಉತ್ತರವೇ ಕಾಣುತ್ತಿರುತ್ತದೆ. ಆ ಕೋಶವನ್ನು ಮರುಲೆಕ್ಕಕ್ಕೆ ಒಳಪಡಿಸಿದಾಗಷ್ಟೇ ಹೆಸರು ಗುರುತಿಸಲಾಗಿಲ್ಲವೆಂಬ ದೋಷ ಮೂಡುತ್ತದೆ. ಅಲ್ಲಿಯವರೆಗೆ ಹಳೆಯ ಮೊತ್ತ ಹೊಸದರಂತೆ ಕುಳಿತಿರುತ್ತದೆ. ನೇರವಾಗಿ ಕೆಡುವ ಕಡತಕ್ಕಿಂತ ಹೀಗೆ ಸರಿಯಾಗಿರುವಂತೆ ತೋರುವ ಕಡತದಿಂದಲೇ ಹೆಚ್ಚು ಹಾನಿ. ಲಿಬ್ರೆಆಫೀಸ್ 24.8ರಲ್ಲಿ ಎಕ್ಸ್‌ಲುಕಪ್, ಎಕ್ಸ್‌ಮ್ಯಾಚ್, ಫಿಲ್ಟರ್, ಸಾರ್ಟ್, ಯೂನಿಕ್, ಸೀಕ್ವೆನ್ಸ್, ಲೆಟ್ ಸೂತ್ರಗಳನ್ನು ಸೇರಿಸಲಾಯಿತು. ಹಾಗಾಗಿ ವಿಂಡೋಸ್ 7ರ ಮೇಲೆ ಇಂದಿನ ಸೂತ್ರಗಳು ನಿಜವಾಗಿ ಲೆಕ್ಕ ಹಾಕಬೇಕಾದರೆ ಹಾದಿ ಲಿಬ್ರೆಆಫೀಸಿನದೇ. ಹೊಸ ಮೈಕ್ರೋಸಾಫ್ಟ್ ಸೂತ್ರ, ಹಳೆಯ ಮೈಕ್ರೋಸಾಫ್ಟ್ ವಿಂಡೋಸ್, ಇವೆರಡನ್ನೂ ಬೆಸೆಯುವುದು ಮೂರನೆಯವರ ತಂತ್ರಾಂಶ ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ.

ಎದುರು ಪಕ್ಷದಲ್ಲಿ, ಪುಟದ ವಿನ್ಯಾಸ ಕಟ್ಟುನಿಟ್ಟಾಗಿ ಉಳಿಯಬೇಕಾದ ವರ್ಡ್ ದಾಖಲೆಗಳಲ್ಲಿ ಲಿಬ್ರೆಆಫೀಸ್ ಕೆಲವೊಮ್ಮೆ ಸೋಲುತ್ತದೆ. ತೇಲುವ ಪಠ್ಯಪೆಟ್ಟಿಗೆಗಳು, ಒಂದರೊಳಗೊಂದು ಕೋಷ್ಟಕಗಳು, ಅಕ್ಷರ ಹೊದಿಸಿದ ಚಿತ್ರಗಳು ತಮ್ಮ ಜಾಗ ಬಿಟ್ಟು ಕದಲಬಹುದು. ಪುಟ ಸರಿಯುವುದಕ್ಕೆ ತಂತ್ರಾಂಶವನ್ನು ದೂರುವ ಮೊದಲು ಫಾಂಟನ್ನೊಮ್ಮೆ ನೋಡುವುದು ಒಳ್ಳೆಯದು. ಕ್ಯಾಲಿಬ್ರಿ ಮತ್ತು ಕೇಂಬ್ರಿಯಾಗಳಿಗೆ ಅಳತೆಯಲ್ಲಿ ಸರಿಹೊಂದುವ ಕಾರ್ಲಿಟೊ ಮತ್ತು ಕ್ಯಾಲಡಿಯಾ ಫಾಂಟುಗಳು ಲಿಬ್ರೆಆಫೀಸ್ ಜೊತೆಗೇ ಬರುತ್ತವೆ. ಆದರೆ ಮೈಕ್ರೋಸಾಫ್ಟ್ ಈಚೆಗೆ ಆಪ್ಟಾಸ್ ಎಂಬ ಹೊಸ ಫಾಂಟನ್ನು ಮೂಲ ಆಯ್ಕೆಯಾಗಿಸಿರುವುದರಿಂದ ಹಳೆಯ ಆಫೀಸ್ ಆಗಲಿ ಲಿಬ್ರೆಆಫೀಸ್ ಆಗಲಿ ಬದಲಿ ಅಕ್ಷರ ಹಾಕಲೇಬೇಕಾಗುತ್ತದೆ, ಸಾಲುಗಳ ಉದ್ದವೂ ಬದಲಾಗುತ್ತದೆ.

ಅಪಾಚೆ ಓಪನ್‌ಆಫೀಸ್ ಎಕ್ಸ್‌ಪಿಯಲ್ಲಿಯೂ ನಡೆಯುತ್ತದೆ, ಆದರೆ ಇಂದಿನ ವರ್ಡ್ ಕಡತವನ್ನು ತೆರೆಯಬಲ್ಲುದೇ ಹೊರತು ಅದೇ ರೂಪದಲ್ಲಿ ಉಳಿಸಲಾರದು. ಇತರರೊಡನೆ ಕಡತ ಹಂಚಿಕೊಳ್ಳುವವರಿಗೆ ಇದರಿಂದ ಪ್ರಯೋಜನ ಕಡಿಮೆ.

ಕನ್ನಡ ಅಕ್ಷರಗಳ ವಿಚಾರ

ಈ ಹೋಲಿಕೆಯಲ್ಲಿ ನಮ್ಮ ಭಾಷೆಗೆ ಪ್ರತ್ಯೇಕ ಸ್ಥಾನ ಕೊಡಲೇಬೇಕು, ಏಕೆಂದರೆ ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಈ ಭಾಗ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಆಫೀಸ್ ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸಲು ಯೂನಿಸ್ಕ್ರೈಬ್ ಎಂಬ ಘಟಕವನ್ನು ಆಶ್ರಯಿಸಿದೆ. ಲಿಬ್ರೆಆಫೀಸ್ 2017ರ 5.3 ಆವೃತ್ತಿಯಿಂದ ಎಲ್ಲ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿಯೂ ಹಾರ್ಫ್‌ಬಜ್ ಎಂಬ ಒಂದೇ ಘಟಕವನ್ನು ತನ್ನೊಡನೆ ಹೊತ್ತು ತರುತ್ತದೆ. ಇದರಿಂದ ವಿಂಡೋಸ್ 7ರ ಲಿಬ್ರೆಆಫೀಸಿನಲ್ಲಿ ಕಾಣುವ ಕನ್ನಡ, ಅದೇ ಫಾಂಟ್ ಇದ್ದರೆ, ವಿಂಡೋಸಿನ ಬದಲು ಲಿನಕ್ಸ್ ವ್ಯವಸ್ಥೆ ಇರುವ ಹೊಸ ಯಂತ್ರದಲ್ಲಿಯೂ ಹಾಗೆಯೇ ಕಾಣುತ್ತದೆ. ಎರಡು ಯಂತ್ರಗಳ ನಡುವೆ ಒಂದೇ ಪುಸ್ತಕದ ಕರಡನ್ನು ತಿದ್ದುವವರಿಗೆ ಇದೊಂದು ದೊಡ್ಡ ನೆಮ್ಮದಿ.

ಫಾಂಟ್ ಇದ್ದರೆ ಎಂಬ ಷರತ್ತನ್ನು ಮರೆಯಬಾರದು. ಎಕ್ಸ್‌ಪಿಯಿಂದ ವಿಂಡೋಸ್ 7ರವರೆಗೆ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತ) ಕನ್ನಡಕ್ಕೆ ತುಂಗಾ ಫಾಂಟ್ ಇತ್ತು. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂದಿತು, ವಿಂಡೋಸ್ 10ರಲ್ಲಿ ತುಂಗಾವನ್ನು ಬೇಕಾದವರು ಸೇರಿಸಿಕೊಳ್ಳುವ ಐಚ್ಛಿಕ ಫಾಂಟುಗಳ ಕಡೆಗೆ ಸರಿಸಲಾಯಿತು. ಹಾಗಾಗಿ ಹೊಸ ಯಂತ್ರದಲ್ಲಿ ನಿರ್ಮಲಾದಲ್ಲಿ ಬರೆದ ಸುತ್ತೋಲೆ ಹಳೆಯ ಯಂತ್ರದಲ್ಲಿ ತುಂಗಾದಲ್ಲಿ ಮೂಡುತ್ತದೆ, ಒಂದು ಪುಟದ ಪತ್ರ ಒಂದೂಕಾಲು ಪುಟವಾಗುತ್ತದೆ, ಸಹಿ ಮಾಡುವ ಜಾಗ ಮಾತ್ರ ಎರಡನೆಯ ಪುಟಕ್ಕೆ ಹೋಗುತ್ತದೆ. ನಾನು ನೋಡಿಕೊಳ್ಳುವ ಒಂದು ಕಚೇರಿಯಲ್ಲಿ ಇದನ್ನು ಆಫೀಸ್ ಕೆಟ್ಟಿದೆಯೆಂದು ತಿಳಿದು ಮೂರು ಬಾರಿ ಮರುಅಳವಡಿಕೆ ಮಾಡಿದ್ದರು. ನೋಟೊ ಸೆರಿಫ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ ಮುಂತಾದ ಮುಕ್ತ ಫಾಂಟುಗಳಲ್ಲಿ ಒಂದನ್ನು ಎರಡೂ ಯಂತ್ರಗಳಿಗೆ ಹಾಕಿ ಎಲ್ಲರೂ ಅದನ್ನೇ ಬಳಸಿದರೆ ಈ ಸಮಸ್ಯೆ ಬುಡಸಮೇತ ಹೋಗುತ್ತದೆ. ಕಡತದೊಳಗೇ ಫಾಂಟನ್ನು ಅಡಕಗೊಳಿಸುವ ಸೌಲಭ್ಯ ವರ್ಡ್‌ನಲ್ಲಿಯೂ ಲಿಬ್ರೆಆಫೀಸ್‌ನಲ್ಲಿಯೂ ಇದೆ.

ಲಿಬ್ರೆಆಫೀಸಿಗೆ ಹೊಸಬರಾದ ಕನ್ನಡಿಗರು ಎಡವುವ ಇನ್ನೊಂದು ಕಡೆ ಇದೆ. ಅದು ಯೂನಿಕೋಡ್ ಕನ್ನಡವನ್ನು ಸಂಕೀರ್ಣ ಲಿಪಿಯೆಂದು ಎಣಿಸಿ, ರೋಮನ್ ಅಕ್ಷರಗಳಿಗೊಂದು, ಸಂಕೀರ್ಣ ಲಿಪಿಗೊಂದು ಎಂದು ಎರಡು ಫಾಂಟುಗಳನ್ನೂ ಎರಡು ಗಾತ್ರಗಳನ್ನೂ ನೆನಪಿಟ್ಟುಕೊಳ್ಳುತ್ತದೆ. ಭಾಷೆಯ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಯನ್ನು ಚಾಲೂ ಮಾಡಿ, ಅಕ್ಷರ ವಿನ್ಯಾಸದ ಪೆಟ್ಟಿಗೆಯಲ್ಲಿ ಎರಡನೆಯ ಭಾಗವನ್ನು ಬದಲಿಸಬೇಕು. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ ಪಠ್ಯಕ್ಕೆ ಇದು ಅನ್ವಯಿಸದು. ಗಣಕಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ, ಕನ್ನಡದ ಆಕಾರ ತೊಟ್ಟ ರೋಮನ್ ಅಕ್ಷರಗಳ ಸಾಲು. ಇದರಿಂದಲೇ ಇನ್ನೊಂದು ತೊಡಕೂ ಹುಟ್ಟುತ್ತದೆ. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡಕ್ಷರ ಮಾಡುವ, ಉದ್ಧರಣ ಚಿಹ್ನೆಯನ್ನು ಬಾಗಿಸುವ ಸ್ವಯಂತಿದ್ದುಪಡಿ, ಹೊಸ ಆಫೀಸ್ ಹಾಕಿದ ದಿನ ಮತ್ತೆ ಚಾಲೂ ಆಗಿರುತ್ತದೆ, ಮತ್ತು ನುಡಿ ಪಠ್ಯದಲ್ಲಿ ಒಂದು ಕನ್ನಡ ಅಕ್ಷರವನ್ನು ಇನ್ನೊಂದಾಗಿ ಮಾಡಿಬಿಡುತ್ತದೆ. ಯಾವ ಆಫೀಸನ್ನೇ ಆರಿಸಿದರೂ, ಹಳೆಯ ಫಾಂಟುಗಳ ಕೆಲಸಕ್ಕೆ ಮೊದಲು ಆ ಸ್ವಯಂತಿದ್ದುಪಡಿಯನ್ನು ಪೂರ್ತಿಯಾಗಿ ನಿಲ್ಲಿಸಿ. ಸಮಯ ಸಿಕ್ಕಾಗ ಪರಿವರ್ತಕಗಳ ಸಹಾಯದಿಂದ ಆ ಪಠ್ಯವನ್ನು ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತುಗಳನ್ನೂ ರ‍್ಯಾಂಕ್‌ನಂಥ ಪದಗಳನ್ನೂ ಕಣ್ಣಿಟ್ಟು ತಿದ್ದಿಕೊಂಡರೆ ಮುಂದೆ ಯಾವ ಯಂತ್ರಕ್ಕೆ ಹೋದರೂ ನಿಮ್ಮ ಬರಹ ನಿಮ್ಮೊಡನೆ ಬರುತ್ತದೆ.

ಹೊಸ ಆಫೀಸ್ ಹಳೆಯ ವಿಂಡೋಸನ್ನು ಕಾಯುವುದೇ

ಆಫೀಸ್ ಹೊಸದಾದರೆ ಯಂತ್ರವೂ ಸುರಕ್ಷಿತವಾಯಿತೆಂಬ ನಂಬಿಕೆ ಸಾಮಾನ್ಯವಾಗಿದೆ. ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇದರ ಇತಿಮಿತಿ ತಿಳಿಯುತ್ತದೆ. 2017ರ ನವೆಂಬರಿನಲ್ಲಿ ಆಫೀಸಿನ ಹಳೆಯ ಸಮೀಕರಣ ಸಂಪಾದಕದಲ್ಲಿ ಒಂದು ದೋಷ ಬಯಲಾಯಿತು, ಅದರ ಗುರುತಿನ ಸಂಖ್ಯೆ ಸಿವಿಇ-2017-11882. 2000ನೆಯ ಇಸವಿಯಲ್ಲಿ ಸಿದ್ಧಗೊಂಡಿದ್ದ ಆ ಪುಟ್ಟ ಕಾರ್ಯಕ್ರಮ ಹದಿನೇಳು ವರ್ಷಗಳ ಕಾಲ ಆವೃತ್ತಿಯಿಂದ ಆವೃತ್ತಿಗೆ ಹಾಗೆಯೇ ಸಾಗಿ ಬಂದಿತ್ತು. ಕಡತವನ್ನು ತೆರೆದರೆ ಸಾಕು, ದಾಳಿಕೋರನ ಆಜ್ಞೆ ನಡೆಯುತ್ತಿತ್ತು. ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಅದನ್ನು ಆಫೀಸಿನಿಂದಲೇ ತೆಗೆದುಹಾಕಿತು. ಇದು ಆಫೀಸಿನೊಳಗಿನ ದೋಷವಾದ್ದರಿಂದ ಆಫೀಸನ್ನು ಪರಿಷ್ಕರಿಸಿದವರು ಬಚಾವಾದರು. ಹಳೆಯ ಸಿ.ಡಿ.ಯಿಂದ ಆಫೀಸ್ 2010 ಹಾಕಿ ಯಾವ ಪರಿಷ್ಕರಣೆಯನ್ನೂ ಪಡೆಯದ ಯಂತ್ರದಲ್ಲಿ ಅದು ಇಂದಿಗೂ ಕುಳಿತಿದೆ.

2022ರಲ್ಲಿ ಕಂಡ ಫೊಲಿನಾ ಎಂಬ ದೋಷ, ಅಂದರೆ ಸಿವಿಇ-2022-30190, ಇದಕ್ಕೆ ತಿರುಗಾಮುರುಗಾ. ದಾಳಿ ಬರುತ್ತಿದ್ದುದು ವರ್ಡ್ ಕಡತದ ಮೂಲಕವೇ ಆದರೂ ದೋಷವಿದ್ದದ್ದು ವಿಂಡೋಸಿನ ಭಾಗವಾದ ತೊಂದರೆ ಪತ್ತೆಯ ಉಪಕರಣದಲ್ಲಿ. ಆಫೀಸ್ 2021 ಕೂಡ ಅದಕ್ಕೆ ಬಾಗಿಲಾಗುತ್ತಿತ್ತು. ಪರಿಹಾರ ಬಂದದ್ದು ಆ ವರ್ಷದ ಜೂನ್ ತಿಂಗಳ ವಿಂಡೋಸ್ ಪರಿಷ್ಕರಣೆಯಲ್ಲಿ, ಮತ್ತು ವಿಂಡೋಸ್ 7ರವರಲ್ಲಿ ವಿಸ್ತರಿತ ಬೆಂಬಲಕ್ಕೆ ಹಣ ಕಟ್ಟಿದ್ದವರಿಗೆ ಮಾತ್ರ ಅದು ತಲುಪಿತು. ಉಳಿದವರು ಎಷ್ಟೇ ಹೊಸ ಆಫೀಸ್ ಹಾಕಿಕೊಂಡಿದ್ದರೂ ಆ ಬಾಗಿಲು ತೆರೆದೇ ಇತ್ತು. 2017ರ ಮೇ ತಿಂಗಳಿನಲ್ಲಿ ವಾನ್ನಾಕ್ರೈ ಹರಡಿದಾಗಲಂತೂ ಆಫೀಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ, ಜಾಲದಲ್ಲಿ ಕಡತ ಹಂಚುವ ವಿಂಡೋಸಿನ ವ್ಯವಸ್ಥೆಯಿಂದಲೇ ಅದು ನುಗ್ಗಿತು, ಪರಿಷ್ಕರಣೆಯಾಗದ ವಿಂಡೋಸ್ 7 ಯಂತ್ರಗಳೇ ಹೆಚ್ಚಾಗಿ ಅದಕ್ಕೆ ಬಲಿಯಾದವು.

ಹೀಗಾಗಿ ಹಳೆಯ ವಿಂಡೋಸನ್ನು ಉಳಿಸಿಕೊಳ್ಳುವವರು ಆಫೀಸಿನ ಆವೃತ್ತಿಗಿಂತ ಮೊದಲು ಕೇಳಿಕೊಳ್ಳಬೇಕಾದ್ದು, ಈ ಯಂತ್ರಕ್ಕೆ ಹೊರಗಿನ ಕಡತಗಳು ಬರುತ್ತವೆಯೇ ಎಂದು. ಬರುತ್ತವೆಯಾದರೆ ಅವನ್ನು ತೆರೆಯುವ ಕೆಲಸ ಇನ್ನೊಂದು ಯಂತ್ರದ್ದಾಗಿರಲಿ. ಬರುವುದಿಲ್ಲವಾದರೆ ಜಾಲದ ತಂತಿಯನ್ನೇ ಕಳಚಿಬಿಡಿ, ಆಗ ಆಫೀಸ್ 2010 ಇದ್ದರೂ ನಿಮ್ಮ ಅಪಾಯ ಬಹಳ ಮಟ್ಟಿಗೆ ಪೆನ್‌ಡ್ರೈವಿಗೆ ಸೀಮಿತವಾಗುತ್ತದೆ.

ಬ್ರೌಸರಿನಲ್ಲಿ ಆಫೀಸ್

ಗೂಗಲ್ ಡಾಕ್ಸ್ ಅಥವಾ ಮೈಕ್ರೋಸಾಫ್ಟಿನ ಜಾಲ ಆವೃತ್ತಿಯನ್ನು ಬಳಸಿದರೆ ಏನನ್ನೂ ಅಳವಡಿಸಬೇಕಾಗಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಹಳೆಯದಾಗುವುದು ಬ್ರೌಸರು. ವಿಂಡೋಸ್ 7ಕ್ಕೆ ಕ್ರೋಮ್ 109ಕ್ಕೆ ನಿಂತಿತು, ಅದು ಬಂದದ್ದು 2023ರ ಜನವರಿಯಲ್ಲಿ. ಫೈರ್‌ಫಾಕ್ಸ್‌ನ ದೀರ್ಘಕಾಲಿಕ ಬೆಂಬಲದ 115 ಸರಣಿಯ ಗಡುವನ್ನು ಮೊಜಿಲ್ಲಾ ಒಂದಕ್ಕಿಂತ ಹೆಚ್ಚು ಬಾರಿ ಮುಂದಕ್ಕೆ ಹಾಕಿದೆ, ಆದ್ದರಿಂದ ಇವೆರಡರಲ್ಲಿ ಅದನ್ನೇ ಆರಿಸಬೇಕು. ಹಳೆಯ ನುಡಿ ಫಾಂಟಿನ ದಾಖಲೆಗಳನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಬರಿಯ ರೋಮನ್ ಅಕ್ಷರಗಳ ಗೊಂದಲವೇ ಕಾಣುತ್ತದೆ, ಏಕೆಂದರೆ ನಮ್ಮದೇ ಫಾಂಟನ್ನು ಅಲ್ಲಿಗೆ ಸೇರಿಸಲಾಗದು. ಯೂನಿಕೋಡ್ ಬರಹಕ್ಕೆ, ಅದರಲ್ಲಿಯೂ ನಾಲ್ಕಾರು ಜನ ಕೂಡಿ ತಿದ್ದುವ ಬರಹಕ್ಕೆ, ಇದು ಸದ್ಯದ ಮಟ್ಟಿಗೆ ಸಾಕು.

ಯಂತ್ರ ಅದೇ, ವ್ಯವಸ್ಥೆ ಬೇರೆ

ನನ್ನ ಒಲವು ಈ ಕಡೆಗಿದೆ, ಅದನ್ನು ಮುಚ್ಚಿಡುವುದಿಲ್ಲ. ವಿಂಡೋಸ್ 7ರಲ್ಲಿ ಲಿಬ್ರೆಆಫೀಸ್ ಬಳಸಿ ಅಭ್ಯಾಸವಾದವರು, ಅದೇ ಯಂತ್ರಕ್ಕೆ ಲಿನಕ್ಸ್ ಮಿಂಟ್ 22 ಹಾಕಿಕೊಂಡು ಅದೇ ಲಿಬ್ರೆಆಫೀಸನ್ನು ಮುಂದುವರಿಸಬಹುದು. ಅದರ ಬೆಂಬಲ 2029ರವರೆಗಿದೆ. ನಾಲ್ಕು ಜಿಬಿ ರ‍್ಯಾಮ್ ಇದ್ದು ಹಳೆಯ ಹಾರ್ಡ್ ಡಿಸ್ಕಿನ ಬದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿದರೆ ಹತ್ತು ಹನ್ನೆರಡು ವರ್ಷಗಳ ಯಂತ್ರವೂ ಕಚೇರಿ ಕೆಲಸಕ್ಕೆ ಹಗುರವಾಗಿ ಓಡುತ್ತದೆ. 32 ಬಿಟ್‌ನ ಪ್ರೊಸೆಸರುಗಳಿಗೆ ಆಯ್ಕೆ ಕಿರಿದಾಗಿದೆ. ಲಿನಕ್ಸಿನ ಇನ್ನೊಂದು ಬಗೆಯಾದ 2023ರ ಡೆಬಿಯನ್ 12 ಅವುಗಳಿಗೆ ಅಳವಡಿಕೆಯ ಸೌಲಭ್ಯ ಕೊಟ್ಟ ಕೊನೆಯ ಡೆಬಿಯನ್, 2025ರ ಡೆಬಿಯನ್ 13 ಅದನ್ನು ಕೈಬಿಟ್ಟಿದೆ. ನುಡಿಯ ಕೀಲಿಮಣೆಗೆ ಬೆರಳು ಹೊಂದಿಕೊಂಡವರು ಅಳುಕಬೇಕಾಗಿಲ್ಲ, ನುಡಿಯಲ್ಲಿರುವ ಕಗಪ ವಿನ್ಯಾಸ ಲಿನಕ್ಸಿನಲ್ಲಿಯೂ ಇದೆ, ಅದು ಯೂನಿಕೋಡಿನಲ್ಲಿ ಬೆರಳಚ್ಚಿಸುತ್ತದೆ. ವಿಂಡೋಸ್ 10ಕ್ಕೆ ಏರುವುದು ಈಗ ಕಾಯಂ ಪರಿಹಾರವಲ್ಲ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದು, ಮನೆಬಳಕೆದಾರರ ವಿಸ್ತರಿತ ಪರಿಷ್ಕರಣೆಗೆ 2026ರ ಅಕ್ಟೋಬರ್ 13ರ ಗಡುವನ್ನು ಘೋಷಿಸಲಾಗಿತ್ತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಬಹುತೇಕ ಎಂಟನೆಯ ಪೀಳಿಗೆಯ ಪ್ರೊಸೆಸರನ್ನೂ ಕೇಳುತ್ತದೆ. ವಿಂಡೋಸ್ 7ರ ಕಾಲದ ಯಂತ್ರಗಳಲ್ಲಿ ಇವು ಇರುವುದಿಲ್ಲ.

ಪೇಜ್‌ಮೇಕರಿನಂಥ ಒಂದೇ ಒಂದು ಹಳೆಯ ತಂತ್ರಾಂಶಕ್ಕಾಗಿ ವಿಂಡೋಸ್ 7 ಬೇಕಾಗಿದ್ದರೆ, ಹೊಸ ವ್ಯವಸ್ಥೆಯ ಒಳಗೆ ಇನ್ನೊಂದು ಕೃತಕ ಗಣಕಯಂತ್ರವನ್ನು ನಡೆಸುವ ವರ್ಚುವಲ್‌ಬಾಕ್ಸ್ ಬಳಸಿ ಅದನ್ನು ಒಂದು ಕಿಟಕಿಯಲ್ಲಿ ನಡೆಸುವುದು ಎಲ್ಲಕ್ಕಿಂತ ಒಳ್ಳೆಯ ಏರ್ಪಾಡು. ಆ ಒಳಗಿನ ವಿಂಡೋಸಿಗೆ ಜಾಲ ಸಂಪರ್ಕ ಕೊಡಬೇಡಿ, ಒಂದು ಫೋಲ್ಡರನ್ನು ಮಾತ್ರ ಹಂಚಿ. ಸರಿಯಾಗಿ ನಡೆಯುತ್ತಿರುವ ಸ್ಥಿತಿಯನ್ನು ಒಮ್ಮೆ ದಾಖಲಿಸಿಟ್ಟರೆ, ಮುಂದೆ ಏನೇ ಕೆಟ್ಟರೂ ಒಂದು ನಿಮಿಷದಲ್ಲಿ ಅಲ್ಲಿಗೆ ಮರಳಬಹುದು. ಇದಕ್ಕೆ ಎಂಟು ಜಿಬಿ ರ‍್ಯಾಮ್ ಇದ್ದರೆ ಅನುಕೂಲ. ಯುಎಸ್‌ಬಿ ಡಾಂಗಲನ್ನು ಒಳಗಿನ ಯಂತ್ರಕ್ಕೆ ಒಪ್ಪಿಸಬಹುದು, ಪ್ಯಾರಲಲ್ ಪೋರ್ಟಿನ ಡಾಂಗಲ್ ಇದ್ದರೆ ಮೊದಲು ಪರೀಕ್ಷಿಸಿ ನೋಡದೆ ಹಳೆಯ ಯಂತ್ರವನ್ನು ಬಿಚ್ಚಬೇಡಿ. ಯಂತ್ರದೊಡನೆ ಬಂದ ಒಇಎಂ ವಿಂಡೋಸ್ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ, ಪ್ರತ್ಯೇಕವಾಗಿ ಕೊಂಡ ಪರವಾನಗಿಯನ್ನು ಮಾತ್ರ ಬೇರೆ ಯಂತ್ರಕ್ಕೆ ಒಯ್ಯಬಹುದೆಂಬುದೂ ಗಮನದಲ್ಲಿರಲಿ.

ಯಾರಿಗೆ ಯಾವುದು ಎಂದು ಕೇಳಿದರೆ ನನ್ನ ಉತ್ತರ ಹೀಗಿದೆ. ತೆರಿಗೆಯ ಎಕ್ಸೆಲ್ ಉಪಕರಣಗಳನ್ನು ದಿನವೂ ಬಳಸುವ ಲೆಕ್ಕಿಗರು ಹೊಸ ಯಂತ್ರಕ್ಕೆ ದುಡ್ಡು ಹೂಡುವುದೇ ಸರಿ, ಬೇರೆಯವರ ಹಣಕಾಸಿನ ವಿವರಗಳನ್ನು ಪರಿಷ್ಕರಣೆ ನಿಂತ ಯಂತ್ರದಲ್ಲಿ ಇಡಬಾರದು. ಪತ್ರ, ನೋಟೀಸು, ಹಾಜರಿ ಪಟ್ಟಿಗಳಷ್ಟೇ ಇರುವ ಶಾಲೆಯ ಕಚೇರಿಗೆ ಲಿನಕ್ಸ್ ಮತ್ತು ಲಿಬ್ರೆಆಫೀಸ್ ಸಾಕು. ಒಂದೆರಡು ತಿಂಗಳ ಮಟ್ಟಿಗೆ ವಿಂಡೋಸ್ 7ರಲ್ಲೇ ಇರಲೇಬೇಕಾದವರು ಲಿಬ್ರೆಆಫೀಸ್ 25.2 ಹಾಕಿಕೊಂಡು, ಮ್ಯಾಕ್ರೊಗಳನ್ನು ತಡೆಹಿಡಿದು, ಫೈರ್‌ಫಾಕ್ಸ್ 115 ಬಳಸಲಿ. ಸಕ್ರಮ ಆಫೀಸ್ 2016 ಇದ್ದವರು ಅದನ್ನು ತೆಗೆಯಬೇಕಾಗಿಲ್ಲ, ಎರಡೂ ಒಂದೇ ಯಂತ್ರದಲ್ಲಿ ಜೊತೆಯಾಗಿ ಇರಬಲ್ಲವು, ಕಡತದ ಮೇಲೆ ಎರಡು ಬಾರಿ ಒತ್ತಿದರೆ ಯಾವುದು ತೆರೆಯಬೇಕೆಂಬುದನ್ನು ಅಳವಡಿಕೆಯ ಹೊತ್ತಿನಲ್ಲೇ ಹೇಳಬಹುದು. ಎಕ್ಸ್‌ಪಿಯವರು ಅದನ್ನು ಜಾಲದಿಂದ ದೂರವಿಟ್ಟು ಹಳೆಯ ಕಡತಗಳನ್ನು ತೆರೆಯಲು ಮಾತ್ರ ಇಟ್ಟುಕೊಳ್ಳಲಿ.

ನಿರ್ಧರಿಸುವ ಮೊದಲು ನಿಮ್ಮ ಕೆಲಸದ ಐದು ಕಡತಗಳನ್ನು ಆರಿಸಿಕೊಳ್ಳಿ: ಒಂದು ಉದ್ದನೆಯ ಕನ್ನಡ ದಾಖಲೆ, ಒಂದು ನುಡಿ ಫಾಂಟಿನದು, ಸೂತ್ರಗಳಿರುವ ಒಂದು ಹಾಳೆ, ಕೋಷ್ಟಕವಿರುವ ಒಂದು ಪತ್ರ, ಹೊರಗಿನಿಂದ ಬಂದ ಒಂದು ಕಡತ. ಅವುಗಳ ಪ್ರತಿಗಳನ್ನು ಹೊಸ ತಂತ್ರಾಂಶದಲ್ಲಿ ತೆರೆದು, ಉಳಿಸಿ, ಕಾಗದದ ಮೇಲೆ ಮುದ್ರಿಸಿ ಹಳೆಯ ಮುದ್ರಣದ ಪಕ್ಕದಲ್ಲಿಟ್ಟು ಓದಿ. ಹಾಳೆಯಲ್ಲಿ ಒಂದು ಅಂಕಿಯನ್ನು ಬದಲಿಸಿ ಮೊತ್ತವೂ ಬದಲಾಯಿತೇ ಎಂದು ನೋಡಿ. ಮೂಲ ಕಡತಗಳ ಎರಡು ನಕಲುಗಳನ್ನು ಬೇರೆಬೇರೆ ಕಡೆ ಇಟ್ಟ ಮೇಲಷ್ಟೇ ಯಂತ್ರಕ್ಕೆ ಕೈಹಾಕಿ.